ಸಂಕೇತ ಬೆಳೆಯಿತು, ಗದ್ದಲವೂ ಬೆಳೆಯಿತು: ನಾನ್-ಹರ್ಮಿಷಿಯನ್ ಸೆನ್ಸರ್‌ಗಳ ಹಿನ್ನೆಲೆ

ಬೀದರ್ ಆಕಾಶದಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ಸುತ್ತು ಹಾಕುವುದು ನಮಗೆ ಹೊಸದಲ್ಲ. ವಿಮಾನ ಎಷ್ಟು ತಿರುಗಿತು ಎಂದು ಹೇಳುವುದು ಜೈರೋಸ್ಕೋಪ್. ಇಂದು ಅನೇಕ ವಿಮಾನಗಳಲ್ಲಿ ಅದು ಲೇಸರ್‌ನಿಂದ ನಡೆಯುತ್ತದೆ. ಉಂಗುರದಂಥ ದಾರಿಯಲ್ಲಿ ಎರಡು ಬೆಳಕಿನ ಅಲೆಗಳು ಎದುರುಬದುರಾಗಿ ಸುತ್ತುತ್ತವೆ. ವಿಮಾನ ತಿರುಗಿದರೆ ಅವುಗಳ ಆವರ್ತನದಲ್ಲಿ ತುಸು ವ್ಯತ್ಯಾಸ ಬರುತ್ತದೆ. ಈ ವ್ಯತ್ಯಾಸವನ್ನೇ ದೊಡ್ಡದು ಮಾಡಿದರೆ?

ಕಾಲೇಜಿನ ಕ್ವಾಂಟಂ ಪಾಠ ಶುರುವಾಗುವುದು ಏನೂ ಸೋರದ ವ್ಯವಸ್ಥೆಯಿಂದ. ಅದು ಹರ್ಮಿಷಿಯನ್ ಗಣಿತ. ನಿಜವಾದ ಉಪಕರಣದಲ್ಲಿ ಬೆಳಕು ಸೋರುತ್ತದೆ, ಹೊರಗಿನಿಂದ ತುಂಬಬೇಕಾಗುತ್ತದೆ. ಅದಕ್ಕೆ ನಾನ್-ಹರ್ಮಿಷಿಯನ್ ಗಣಿತ ಬೇಕು. ಅದರಲ್ಲಿ ಎಕ್ಸೆಪ್ಷನಲ್ ಪಾಯಿಂಟ್ ಎಂಬ ವಿಚಿತ್ರ ಜಾಗವಿದೆ. ಅಲ್ಲಿ ವ್ಯವಸ್ಥೆಯ ಎರಡು ಸ್ಥಿತಿಗಳ (ಕಂಪಿಸುವ ಬಗೆಗಳ) ಆವರ್ತನ ಮಾತ್ರವಲ್ಲ, ಸ್ಥಿತಿಗಳೇ ಒಂದಾಗಿಬಿಡುತ್ತವೆ.

ಈ ಹೆಸರು ಗಣಿತಜ್ಞ ತೋಸಿಯೊ ಕಾಟೊ ಅವರ 1966ರ ಪುಸ್ತಕದಿಂದ ಬಂತು. ಆದರೆ ಅದಕ್ಕೂ ಮೊದಲೇ, 1955ರಲ್ಲಿ, ಬೆಂಗಳೂರಿನಲ್ಲಿ ಭೌತವಿಜ್ಞಾನಿ ಎಸ್. ಪಂಚರತ್ನಂ ಬೆಳಕು ಹೀರುವ ಹರಳುಗಳಲ್ಲಿ ಬೆಳಕಿನ ಎರಡು ಸ್ಥಿತಿಗಳು ಹೀಗೆಯೇ ಒಂದಾಗುವ ದಿಕ್ಕುಗಳನ್ನು ಅಭ್ಯಾಸ ಮಾಡಿದ್ದರು. ಆಗ ಅವರಿಗೆ ಸುಮಾರು 21 ವರ್ಷ. ನಮ್ಮ ಭಾಗದ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಇದನ್ನು ಹೇಳಲೇಬೇಕು.

1998ರಲ್ಲಿ ಭೌತವಿಜ್ಞಾನಿಗಳಾದ ಕಾರ್ಲ್ ಬೆಂಡರ್ ಮತ್ತು ಸ್ಟೆಫಾನ್ ಬೋಟ್ಚರ್ ಬರೆದ ಲೇಖನದಿಂದ ಈ ಗಣಿತಕ್ಕೆ ಹೊಸ ಜೀವ ಬಂತು. 2014ರಲ್ಲಿ ಯಾನ್ ವೀರ್ಸಿಗ್ ಇದನ್ನು ಸೆನ್ಸರ್‌ಗೆ ಬಳಸಬಹುದು ಎಂದರು. ಮಾಮೂಲಿ ಸೆನ್ಸರ್‌ನಲ್ಲಿ ಹತ್ತು ಸಾವಿರದಲ್ಲಿ ಒಂದು ಭಾಗ ಬದಲಾವಣೆಯಾದರೆ ಆವರ್ತನ ಸರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಎಕ್ಸೆಪ್ಷನಲ್ ಪಾಯಿಂಟ್‌ನಲ್ಲಿ ವರ್ಗಮೂಲದ ಲೆಕ್ಕ: ನೂರರಲ್ಲಿ ಒಂದು ಭಾಗ. ಅಂದರೆ ನೂರು ಪಟ್ಟು ಜಾಸ್ತಿ. 2017ರಲ್ಲಿ ಅಮೆರಿಕದ ಎರಡು ತಂಡಗಳು ಬೆಳಕಿನ ಸಣ್ಣ ಉಂಗುರಗಳಲ್ಲಿ ಇದನ್ನು ಮಾಡಿ ತೋರಿಸಿದವು. 2019ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಕೆರಿ ವಹಾಲಾ ತಂಡದ ಲೇಸರ್ ಜೈರೋಸ್ಕೋಪ್‌ನಲ್ಲಿ ಸಂಕೇತ 4 ಪಟ್ಟು ಬೆಳೆಯಿತು.

ಮುಂದಿನ ವರ್ಷ ಅದೇ ತಂಡ ಗದ್ದಲವನ್ನೂ, ಅಂದರೆ ಅಳತೆಯಲ್ಲಿ ಬೆರೆಯುವ ಬೇಡದ ಏರಿಳಿತವನ್ನೂ ಅಳೆಯಿತು. ಅದೂ ಅಷ್ಟೇ ಬೆಳೆದಿತ್ತು! ಜಾತ್ರೆಯ ಮೈಕಿನಲ್ಲಿ ವಾಲ್ಯೂಮ್ ಏರಿಸಿದರೆ ಹಾಡಿನ ಜತೆ ಗೊರಗೊರವೂ ಏರುತ್ತದಲ್ವಾ, ಹಾಗೆ. ಎರಡು ಸ್ಥಿತಿಗಳು ಒಂದರ ಮೇಲೊಂದು ವಾಲಿದಾಗ ಲೇಸರ್‌ನ ಸ್ವಂತ ಕ್ವಾಂಟಂ ಗದ್ದಲ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸಂಕೇತ ಹಿಗ್ಗಿಸುವ ಕಾರಣವೇ ಗದ್ದಲವನ್ನೂ ಹಿಗ್ಗಿಸುತ್ತದೆ. ತಮ್ಮದೇ ಫಲಿತಾಂಶದ ಮಿತಿಯನ್ನು ತಾವೇ ಅಳೆದು ಪ್ರಕಟಿಸಿದ ಆ ತಂಡದ ಬಗ್ಗೆ ನನಗೆ ತುಂಬಾ ಗೌರವ.

ಕ್ವಾಂಟಂ ಕಂಪ್ಯೂಟರ್‌ನ ಮೂಲ ಘಟಕವಾದ ಕ್ವಾಂಟಂ ಬಿಟ್‌ನಲ್ಲೂ ಬೆಲೆ ತೆರಬೇಕು. 2019ರಲ್ಲಿ ಅಂಥ ಬಿಟ್ ಆಗಿ ಕೆಲಸ ಮಾಡುವ ಸೂಪರ್‌ಕಂಡಕ್ಟಿಂಗ್ (ತಡೆಯಿಲ್ಲದೆ ವಿದ್ಯುತ್ ಹರಿಯುವ) ಸರ್ಕ್ಯೂಟ್‌ನಲ್ಲಿ ಎಕ್ಸೆಪ್ಷನಲ್ ಪಾಯಿಂಟ್ ಸಿಕ್ಕಿತು. ಆದರೆ ಕೆಳಗಿನ ಸ್ಥಿತಿಗೆ ಜಾರಿದ ಪ್ರಯೋಗಗಳನ್ನೆಲ್ಲ ಪಕ್ಕಕ್ಕಿಟ್ಟು, ಉಳಿದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಬಿಟ್ಟ ಪ್ರಯೋಗಗಳೂ ಖರ್ಚೇ ಅಲ್ವಾ?

ಹಾಗಂತ ದಾರಿ ಮುಚ್ಚಿಲ್ಲ. ಸಂಕೇತ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರೆ ನಿಜವಾದ ಲಾಭವಿದೆ ಎಂದು ಲೌ ಮತ್ತು ಕ್ಲರ್ಕ್ ಎಂಬ ಭೌತವಿಜ್ಞಾನಿಗಳು 2018ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2022ರಲ್ಲಿ ಇನ್ನೊಂದು ತಂಡ, ಕ್ವಾಂಟಂ ಅಲ್ಲದ ವಿದ್ಯುತ್-ಯಾಂತ್ರಿಕ ಆಕ್ಸೆಲರೋಮೀಟರ್‌ನಲ್ಲಿ (ವೇಗದ ಬದಲಾವಣೆ ಅಳೆಯುವ ಸಾಧನ), ಸ್ಥಿತಿಗಳು ಪೂರ್ತಿ ಒಂದಾಗುವ ಜಾಗದ ತುಸು ಪಕ್ಕದಲ್ಲಿ ನಿಂತು ಅಳೆಯಿತು. ಅಲ್ಲಿ ಗದ್ದಲಕ್ಕೆ ಹೋಲಿಸಿದರೆ ಸಂಕೇತ 3 ಪಟ್ಟು ಹೆಚ್ಚಾಯಿತು.