ಮೋಟರ್‌ಹೋಮ್ ಹಿಂದೆ ಕಾರು ಎಳೆಯಲು ಟೋ ಬಾರ್ ಒಂದೇ ಸಾಕೆ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಪೆಟ್ರೋಲ್ ಎಂಜಿನ್‌ನ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ) ಇದೆ. ನಮ್ಮ ನಾಲ್ಕು ಬಾಗಿಲಿನ ಜೀಪ್ ರಾಂಗ್ಲರ್ ಅನ್ನು, ನಾಲ್ಕೂ ಚಕ್ರ ನೆಲದ ಮೇಲೇ ಉರುಳುವಂತೆ, ಅದರ ಹಿಂದೆ ಕಟ್ಟಬೇಕೆಂದಿದ್ದೇವೆ. ಟೋ ಬಾರ್ ಕೊಂಡರೆ ಸಾಕೆ?

ಉತ್ತರ: ಸಾಲದು. ಟೋ ಬಾರ್ ಎರಡು ವಾಹನಗಳ ನಡುವಿನ ಕೊಂಡಿ ಮಾತ್ರ. ಅದನ್ನು ಕಚ್ಚಿ ಹಿಡಿಯಲು ಕಾರಿನ ಚಾಸಿಗೆ ಬೇಸ್ ಪ್ಲೇಟ್ ಬೇಕು. ಜೊತೆಗೆ ಸೇಫ್ಟಿ ಕೇಬಲ್, ಹಿಂದಿನ ದೀಪಗಳಿಗೆ ವೈರಿಂಗ್, ಕಾರಿನ ಬ್ರೇಕ್ ಒತ್ತುವ ಸಾಧನ, ಬ್ರೇಕ್‌ಅವೇ ಸ್ವಿಚ್ ಬೇಕು. ಎಲ್ಲವನ್ನೂ ಒಮ್ಮೆಲೇ ಹಾಕಿಸುವುದಾದರೆ ಗಾಡಿಯನ್ನು ಒಂದೆರಡು ದಿನ ವರ್ಕ್‌ಶಾಪ್‌ನಲ್ಲಿ ಬಿಡಬೇಕಾಗುತ್ತದೆ.

ಕೊಳ್ಳುವ ಮೊದಲು ಕಾರಿನ ಓನರ್ಸ್ ಮ್ಯಾನ್ಯುಯಲ್ ತೆಗೆದು, ಹೀಗೆ ಎಳೆಯಲು ಅನುಮತಿ ಇದೆಯೇ ನೋಡಿ. ರಾಂಗ್ಲರ್‌ನ ಟ್ರಾನ್ಸ್‌ಫರ್ ಕೇಸ್‌ಗೆ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್ ಇರುವುದರಿಂದ ಚಕ್ರ ತಿರುಗಿದರೂ ಗೇರ್‌ಬಾಕ್ಸ್ ತಿರುಗುವುದಿಲ್ಲ. ಬಹಳಷ್ಟು ಆಟೊಮ್ಯಾಟಿಕ್ ಕಾರುಗಳಿಗೆ ಈ ಅನುಕೂಲವಿಲ್ಲ. ಎಂಜಿನ್ ಆಫ್ ಆದರೆ ಎಣ್ಣೆ ಪಂಪ್ ನಿಲ್ಲುತ್ತದೆ, ಗೇರ್‌ಬಾಕ್ಸ್ ಒಣಗಿ ಸುಟ್ಟುಹೋಗುತ್ತದೆ. ಹೋಂಡಾ ಸಿಆರ್-ವಿಯನ್ನು 2014ರ ಮಾದರಿಯವರೆಗೆ ಹೀಗೆ ಎಳೆಯಬಹುದಿತ್ತು, 2015ರಲ್ಲಿ ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಬಂದ ಮೇಲೆ ಅದು ತಪ್ಪಿತು. ಹಾಗಾಗಿ ಹೆಸರು ನೋಡಿದರೆ ಸಾಲದು, ವರ್ಷವನ್ನೂ ನೋಡಬೇಕು.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. ಪೆಟ್ರೋಲ್ ಮೋಟರ್‌ಹೋಮ್‌ಗಳ ಹಿಚ್ (ಟೋ ಬಾರ್ ಸಿಕ್ಕಿಸುವ ಹಿಂಭಾಗದ ಜೋಡಣೆ) ಸಾಮಾನ್ಯವಾಗಿ 5,000 ಪೌಂಡ್‌ನದ್ದು. ನಿಮ್ಮ ರಾಂಗ್ಲರ್ 4,000 ದಾಟಿರುತ್ತದೆ. ವಿಂಚ್, ದಪ್ಪ ಟೈರು, ಒಳಗಿನ ಸಾಮಾನು ಸೇರಿದರೆ ಮಿತಿ ದೂರವಿರುವುದಿಲ್ಲ. ಹಿಚ್, ಟೋ ಬಾರ್, ಬೇಸ್ ಪ್ಲೇಟ್ ಮೂರರಲ್ಲಿ ಯಾವುದರ ರೇಟಿಂಗ್ ಕಡಿಮೆಯೋ ಅದೇ ನಿಮ್ಮ ಮಿತಿ.

ಬೇಸ್ ಪ್ಲೇಟ್ ಕಾರಿನ ಮಾದರಿಗೂ ವರ್ಷಕ್ಕೂ ತಕ್ಕಂತೆ ಬೇರೆ ಬೇರೆ. ರೋಡ್‌ಮಾಸ್ಟರ್, ಬ್ಲೂ ಆಕ್ಸ್, ಡೆಮ್ಕೊ ಮೂರೂ ಇವನ್ನು ಮಾಡುತ್ತವೆ. ಒಬ್ಬರ ಬಾರ್‌ಗೆ ಇನ್ನೊಬ್ಬರ ಪ್ಲೇಟ್ ಕೂರಿಸಲು ಅಡಾಪ್ಟರ್ ಬೇಕಾಗುತ್ತದೆ, ಆದ್ದರಿಂದ ಎರಡನ್ನೂ ಒಂದೇ ಕಂಪನಿಯದ್ದು ಕೊಳ್ಳುವುದು ಒಳ್ಳೆಯದು. ರಾಂಗ್ಲರ್‌ನ ಚಾಸಿ ಮುಂದೆಯೇ ಕೈಗೆ ಸಿಗುವುದರಿಂದ ಕೆಲಸ ಸುಲಭ. ಬೇರೆ ಕಾರುಗಳಲ್ಲಿ ಮುಂದಿನ ಬಂಪರ್ ಕವರ್ ಪೂರ್ತಿ ಬಿಚ್ಚಿ, ಕೆಲವೊಮ್ಮೆ ಪ್ಲಾಸ್ಟಿಕ್ ಕತ್ತರಿಸಬೇಕಾಗುತ್ತದೆ. ರೇಡಾರ್ ಸೆನ್ಸರ್ ಅಡ್ಡ ಬರುತ್ತದೆಯೇ ಎಂದು ಮೊದಲೇ ಕೇಳಿ. ಬೋಲ್ಟ್‌ಗಳಿಗೆ ಥ್ರೆಡ್ ಲಾಕರ್ ಹಚ್ಚಿ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು. ಮೊದಲ ಪ್ರಯಾಣ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಸಡಿಲ ಬೋಲ್ಟ್ ಅಲುಗಾಡಿ ತೂತನ್ನೇ ಅಗಲ ಮಾಡುತ್ತದೆ.

ಸಮತಟ್ಟು ನೆಲದಲ್ಲಿ, ಮೋಟರ್‌ಹೋಮ್‌ಗೆ ಸಾಮಾನು ತುಂಬಿದ ಮೇಲೆ, ಹಿಚ್ ಮತ್ತು ಬೇಸ್ ಪ್ಲೇಟ್‌ಗಳ ಎತ್ತರ ಅಳೆಯಿರಿ. ವ್ಯತ್ಯಾಸ 3 ಇಂಚು ದಾಟಿದರೆ ಡ್ರಾಪ್ ರಿಸೀವರ್ (ಹಿಚ್ಚಿನ ಎತ್ತರ ತಗ್ಗಿಸುವ ಅಡಾಪ್ಟರ್) ಹಾಕಿಸಿ. ಜೀಪಿನ ಸಸ್ಪೆನ್ಶನ್ ಎತ್ತರಿಸಿದ್ದರೆ ಬೇಸ್ ಪ್ಲೇಟ್ ಮೇಲಿರುತ್ತದೆ, ಆಗ ಅದೇ ಅಡಾಪ್ಟರನ್ನು ತಲೆಕೆಳಗಾಗಿ ತಿರುಗಿಸಿ ಹಿಚ್ಚನ್ನು ಮೇಲಕ್ಕೆ ತರಬೇಕು. ಸೇಫ್ಟಿ ಕೇಬಲ್‌ಗಳನ್ನು ಬಾರ್‌ನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಬೇಕು.

ವೈರಿಂಗ್‌ನಲ್ಲಿ ಡಯೋಡ್ ಹಾಕಿಸುವುದನ್ನು ಮರೆಯಬೇಡಿ. ಮೋಟರ್‌ಹೋಮ್‌ನಿಂದ ಬಂದ ಕರೆಂಟ್ ಕಾರಿನ ದೀಪಕ್ಕೆ ಹೋಗಬೇಕೇ ಹೊರತು ಹಿಮ್ಮುಖವಾಗಿ ಕಾರಿನ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೆ ನುಗ್ಗಬಾರದು. ಅದನ್ನು ತಡೆಯುವುದು ಡಯೋಡ್. ಎಲ್ಇಡಿ ದೀಪಗಳಿದ್ದರೆ ನಿಮ್ಮ ಮಾದರಿಗೆಂದೇ ಮಾಡಿದ ಕಿಟ್ ತರಿಸಿ. ದೀಪ ಮಂಕಾಗುವುದು, ಇಂಡಿಕೇಟರ್ ಹುಚ್ಚುಹುಚ್ಚಾಗಿ ಮಿನುಗುವುದು ಬಹುತೇಕ ಗ್ರೌಂಡ್ (ಕರೆಂಟ್ ಮರಳಲು ಚಾಸಿಗೆ ಕೊಡುವ ಸಂಪರ್ಕ) ಸರಿಯಿಲ್ಲದ್ದರಿಂದ. ಬಣ್ಣ ಕೆರೆದ ಶುದ್ಧ ಲೋಹಕ್ಕೆ ಗ್ರೌಂಡ್ ವೈರ್ ಬಿಗಿಸಬೇಕು. ಇದೇ ಪ್ಲಗ್‌ನಲ್ಲಿ ಒಂದು ಚಾರ್ಜ್ ಲೈನ್ ಎಳೆಸಿದರೆ ದಾರಿಯಲ್ಲಿ ಕಾರಿನ ಬ್ಯಾಟರಿ ಖಾಲಿಯಾಗುವುದಿಲ್ಲ.

ಬ್ರೇಕ್ ಸಾಧನವನ್ನು ಮಾತ್ರ ಯಾವ ಕಾರಣಕ್ಕೂ ಮುಂದೂಡಬೇಡಿ. ಎಷ್ಟು ತೂಕದಿಂದ ಕಡ್ಡಾಯ ಎಂಬ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಆದರೆ ಇಳಿಜಾರಿನಲ್ಲಿ ಎರಡು ಟನ್ ಹಿಂದಿನಿಂದ ನೂಕುವುದು ಎಲ್ಲ ರಾಜ್ಯದಲ್ಲೂ ಒಂದೇ. ಸೀಟು ಮತ್ತು ಪೆಡಲ್ ನಡುವೆ ಇಡುವ ಪೆಟ್ಟಿಗೆಯ ರೀತಿಯದ್ದು ಅಗ್ಗ. ಕಾರಿನೊಳಗೇ ಶಾಶ್ವತವಾಗಿ ಜೋಡಿಸುವುದು ದುಬಾರಿಯಾದರೂ ಪ್ರತಿ ಸಲ ಹೊಂದಿಸುವ ಕಷ್ಟವಿಲ್ಲ. ಪೆಟ್ಟಿಗೆ ಇಡುವ ಮೊದಲು ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಪೆಡಲ್ ಒತ್ತಿದ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್‌ನಲ್ಲಿ ವ್ಯಾಕ್ಯೂಮ್ ಉಳಿದರೆ ಮೊದಲ ಬ್ರೇಕ್‌ಗೇ ಚಕ್ರ ಲಾಕ್ ಆಗಿ ಟೈರು ಸವೆಯುತ್ತದೆ. ಬ್ರೇಕ್ ಬಿಡದೆ ಉಜ್ಜುತ್ತಾ ಹೋದರೆ ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಮೋಟರ್‌ಹೋಮ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಸೂಚನಾ ದೀಪ ಇರಲೇಬೇಕು. 2018ರ ಮಾದರಿಯಿಂದ ಬಂದ ಜೆಎಲ್ ತಲೆಮಾರಿನ ರಾಂಗ್ಲರ್ ಆದರೆ, ಎಳೆಯುವಾಗ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಲು ಮ್ಯಾನ್ಯುಯಲ್ ಹೇಳುತ್ತದೆ; ಹಾಗೆ ಬಿಚ್ಚಿದಾಗಲೂ ಬ್ರೇಕ್ ಸಾಧನಕ್ಕೆ ಕರೆಂಟ್ ಸಿಗುವ ವ್ಯವಸ್ಥೆಯನ್ನು ಮೆಕ್ಯಾನಿಕ್ ಜೊತೆ ಮೊದಲೇ ನಿಗದಿ ಮಾಡಿ.

ಕಾರು ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವುದು ಬ್ರೇಕ್‌ಅವೇ ಸ್ವಿಚ್. ಅದರ ತಂತಿಯನ್ನು ಟೋ ಬಾರ್‌ಗೆ ಕಟ್ಟುವುದು ಸಾಮಾನ್ಯ ತಪ್ಪು: ಬಾರ್ ಕಾರಿನ ಜೊತೆಗೇ ಕಿತ್ತುಬಂದರೆ ಪಿನ್ ಎಳೆಯುವವರಾರು? ಮೋಟರ್‌ಹೋಮ್‌ನ ಚಾಸಿಗೇ ಕಟ್ಟಿಸಿ, ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬಿಡಿ.

ಗಾಡಿ ತೆಗೆದುಕೊಳ್ಳುವಾಗ ವರ್ಕ್‌ಶಾಪ್‌ನಲ್ಲೇ ಎಡ, ಬಲ, ಬ್ರೇಕ್ ದೀಪಗಳನ್ನು ಒಂದೊಂದಾಗಿ ನೋಡಿ. ಬ್ರೇಕ್‌ಅವೇ ಪಿನ್ ಕಿತ್ತು, ಸಾಧನ ಪೆಡಲ್ ಒತ್ತಿತೇ ನೋಡಿ. ಟೋ ಬಾರ್‌ನಲ್ಲಿ ಕಾರು ಕಟ್ಟಿದ ಮೇಲೆ ರಿವರ್ಸ್ ಹೋಗುವಂತಿಲ್ಲ. ಮುಂದಿನ ಚಕ್ರ ಅಡ್ಡ ತಿರುಗಿ ಬಾರ್‌ನ ತೋಳು ಬಾಗುತ್ತದೆ. ಪೆಟ್ರೋಲ್ ಬಂಕ್‌ಗೆ ನುಗ್ಗುವ ಮೊದಲು ಆಚೆ ಕಡೆ ಹೊರಬರಲು ಜಾಗವಿದೆಯೇ ನೋಡಿಕೊಳ್ಳಿ, ಸಿಕ್ಕಿಕೊಂಡರೆ ಕಾರನ್ನು ಬಿಚ್ಚಿಯೇ ಹಿಂದೆ ತೆಗೆಯಬೇಕು.