ವೋಲ್ಟೇಜ್ ಇಳಿಸಿ, ಲೆಕ್ಕ ಉಳಿಸಿ

ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಒಂದು ಲೆಕ್ಕ ತಪ್ಪಿದರೆ ಸ್ಕ್ರೀನಿನ ಯಾವುದೋ ಮೂಲೆಯಲ್ಲಿ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ, ಅಷ್ಟೇ. ಮರುಕ್ಷಣ ಹೊಸ ಚಿತ್ರ ಬರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಕಾರ್ಡ್ ಗಿರಗಿರ ತಿರುಗುವ ಪಲ್ಸಾರ್ ನಕ್ಷತ್ರ ಹುಡುಕುತ್ತಿದ್ದರೆ? ಆ ಒಂದು ತಪ್ಪಿಗೆ ಇಡೀ ರಾತ್ರಿಯ ಕೆಲಸ ಕಸವಾಗಬಹುದು.

ಮನೆಯ ಕಂಪ್ಯೂಟರ್ ಸುಮ್ನೆ ಇರುವ ಹೊತ್ತನ್ನು ವಿಜ್ಞಾನಿಗಳಿಗೆ ಬಿಟ್ಟುಕೊಡುವ ಪದ್ಧತಿ ಹೊಸದೇನಲ್ಲ. 1999ರಲ್ಲಿ ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುವ ಬರ್ಕ್ಲಿಯ ಸೆಟಿ ಅಟ್ ಹೋಮ್ ಶುರುವಾಯಿತು. ಆಮೇಲೆ ಪ್ರೋಟೀನ್ ಮಡಿಚಿಕೊಳ್ಳುವ ಬಗೆಯನ್ನು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್, 2005ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಬಂದವು. ಬೋಯಿಂಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಐನ್‌ಸ್ಟೈನ್ ಅಟ್ ಹೋಮ್‌ನಂಥ ಹಲವು ಯೋಜನೆಗಳಿಗೆ ಸೇರಬಹುದು. ಮಡಿಕೇರಿಯ ಮನೆಯಾದರೂ ಸರಿ, ಬರ್ಲಿನ್ನಿನದಾದರೂ ಸರಿ, ಕೆಲಸದ ತುಂಡು ಒಂದೇ.

ನಿಜವಾಗಿ ಒಂದೇ. ಸಾಮಾನ್ಯವಾಗಿ ಒಂದೇ ತುಂಡನ್ನು ಇಬ್ಬರು ಅಪರಿಚಿತರ ಕಂಪ್ಯೂಟರುಗಳಿಗೆ ಕಳಿಸುತ್ತಾರೆ. ಎರಡೂ ಉತ್ತರ ಹೊಂದಿದರೆ ಮಾತ್ರ ಒಪ್ಪುತ್ತಾರೆ. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಮೊದಲ ಪಲ್ಸಾರ್ ಕಂಡುಹಿಡಿಯಿತು. ಹೆಸರು ಪಿಎಸ್‌ಆರ್ ಜೆ2007+2722, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುತ್ತದೆ. ಅದನ್ನು ಹಿಡಿದದ್ದು ಅಮೆರಿಕದ ಅಯೋವಾದ ಒಂದು ಮನೆಯ ಕಂಪ್ಯೂಟರ್ ಮತ್ತು ಜರ್ಮನಿಯ ಮೈನ್ಜ್‌ನ ಇನ್ನೊಂದು ಕಂಪ್ಯೂಟರ್. ಅರೆಸಿಬೊ ದೂರದರ್ಶಕದ ಒಂದೇ ದತ್ತಾಂಶವನ್ನು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಮಾಡಿದ್ದರು. ಆ ಎರಡರಲ್ಲಿ ಒಂದು ಕಂಪ್ಯೂಟರ್ ಬಿಸಿಯಾಗಿ ಎಡವಿದ್ದರೆ ಮೂರನೆಯವರಿಗೆ ಕಳಿಸಿ ಮತ್ತೆ ಮಾಡಿಸಬೇಕಿತ್ತು. ನಮ್ಮ ಕಾರ್ಡಿನ ತಪ್ಪಿಗೆ ಬೇರೊಬ್ಬರ ಕರೆಂಟೂ ಹಾಳು. ನನ್ನ ಮಟ್ಟಿಗೆ ಇದೇ ಮುಖ್ಯ ಮಾತು. ಗೇಮಿಗೆ ಮಾಡುವ ಟ್ಯೂನಿಂಗ್ (ಕಾರ್ಡಿನ ವೇಗ, ವೋಲ್ಟೇಜ್ ಹೊಂದಿಸುವುದು) ಬೇರೆ, ವಿಜ್ಞಾನಕ್ಕೆ ಮಾಡುವ ಟ್ಯೂನಿಂಗ್ ಬೇರೆ.

ಕಾರ್ಡಿನೊಳಗೆ ಏನು ನಡೆಯುತ್ತದೆ ನೋಡೋಣ. ಕಾಫಿ ಕೊಯ್ಲಿನ ಕಾಲದ ತೋಟ ನೆನಪಿಸಿಕೊಳ್ಳಿ. ಸಾಲು ಸಾಲಾಗಿ ನಿಂತ ಜನ ಒಂದೇ ಕೆಲಸವನ್ನು ಒಟ್ಟಿಗೆ ಮಾಡುತ್ತಾರೆ. ಗ್ರಾಫಿಕ್ಸ್ ಚಿಪ್ಪಿನ ಸಾವಿರಾರು ಪುಟ್ಟ ಕೋರ್‌ಗಳು ಹಾಗೆಯೇ. ಯಾರು ಯಾವ ಸಾಲಿಗೆ ಎಂದು ಹಂಚುವ ಎಸ್ಟೇಟ್ ರೈಟರ್ ಜಾಗದಲ್ಲಿ ಡ್ರೈವರ್ ಇದೆ. ವಿಜ್ಞಾನದ ಪ್ರೋಗ್ರಾಮುಗಳು ಡ್ರೈವರ್ ಜೊತೆ ಮಾತಾಡುವುದು ಕುಡಾ ಅಥವಾ ಓಪನ್‌ಸಿಎಲ್ ಎಂಬ ಸಾಫ್ಟ್‌ವೇರ್ ಸೇತುವೆಯ ಮೂಲಕ. ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಡ್ರೈವರಿನಲ್ಲಿ ಕೆಲವೊಮ್ಮೆ ಆ ಭಾಗವೇ ಇರುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳಿಗೆಂದು ಲಿನಕ್ಸ್ ಜೊತೆಗೆ ಬರುವ ನೂವೋ ಡ್ರೈವರಿನಲ್ಲಿ ಕುಡಾ ಇಲ್ಲ. ಸ್ಕ್ರೀನ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಾರ್ಡಿಗೆ ಕೆಲಸ ಸಿಗುವುದಿಲ್ಲ. ಬೋಯಿಂಕ್‌ನ ಇವೆಂಟ್ ಲಾಗ್ ತೆರೆದು ಮೊದಲ ಸಾಲುಗಳನ್ನು ಓದಿ, ಕಾರ್ಡಿನ ಹೆಸರು ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಹಳೆಯದನ್ನು ಪೂರ್ತಿ ತೆಗೆದು, ಕಾರ್ಡ್ ತಯಾರಕರ ತಾಣದಿಂದಲೇ ಡ್ರೈವರ್ ಹಾಕಿ. ಎನ್‌ವಿಡಿಯಾದ ಕೆಪ್ಲರ್ ಪೀಳಿಗೆಯ ಹಳೆ ಕಾರ್ಡುಗಳಿಗೆ 470 ಸರಣಿಯೇ ಕೊನೆ, ಅದಕ್ಕಿಂತ ಹೊಸದು ಹಾಕಲು ಹೋಗಬೇಡಿ. ಚೆನ್ನಾಗಿ ನಡೆಯುತ್ತಿರುವ ಡ್ರೈವರನ್ನು ಹೊಸ ಗೇಮಿನ ಆಸೆಗೆ ಬದಲಿಸುವುದೂ ಬೇಡ.

ಇನ್ನು ವೋಲ್ಟೇಜ್. ಚಿಪ್ಪಿನ ಟ್ರಾನ್ಸಿಸ್ಟರುಗಳು ಆನ್-ಆಫ್ ಆಗಲು ಬೇಕಾದ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ. ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ವೇಗ ಮುಟ್ಟದೆ 1.05 ವೋಲ್ಟನ್ನು 0.90ಕ್ಕೆ ಇಳಿಸಿದರೆ ಈ ಖರ್ಚು ಶೇ. 27ರಷ್ಟು ತಗ್ಗುತ್ತದೆ. ಲೆಕ್ಕದ ವೇಗ ಇದ್ದಷ್ಟೇ ಇರುತ್ತದೆ! ಇದು ಸಾಧ್ಯವಾಗಲು ಕಾರಣವಿದೆ. ಒಂದೇ ಮಾದರಿಯ ಚಿಪ್ಪುಗಳೆಲ್ಲ ಒಂದೇ ಥರ ಇರುವುದಿಲ್ಲ. ಅವುಗಳಲ್ಲಿ ದುರ್ಬಲವಾದದ್ದೂ ನಡೆಯಲಿ ಎಂದು ಕಂಪನಿಗಳು ವೋಲ್ಟೇಜನ್ನು ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತವೆ. ನಾವು ತೆಗೆಯುವುದು ಆ ಹೆಚ್ಚಿನ ಪಾಲನ್ನು. ವಿಂಡೋಸ್‌ನಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಮ್ ಇದಕ್ಕೆ ಸಾಕು. ವೋಲ್ಟೇಜ್ ಮುಟ್ಟಲು ಭಯವಾದರೆ ಪವರ್ ಲಿಮಿಟ್ (ಕಾರ್ಡ್ ತಿನ್ನುವ ವಿದ್ಯುತ್ತಿನ ಮಿತಿ) ಮಾತ್ರ ಇಳಿಸಿ, ಏನೂ ಅಪಾಯವಿಲ್ಲ.

ಮೆಮೊರಿ ವೇಗವನ್ನು ಮಾತ್ರ ದಯವಿಟ್ಟು ಏರಿಸಬೇಡಿ. ಸರ್ವರ್ ಕಾರ್ಡುಗಳಲ್ಲಿ ಮೆಮೊರಿಯ ತಪ್ಪನ್ನು ತಾನೇ ತಿದ್ದುವ ಇಸಿಸಿ ಇರುತ್ತದೆ. ಮನೆಯ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 2024ರ ಅಕ್ಟೋಬರಿನಲ್ಲಿ, ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಜಿಂಪ್ಸ್ ಯೋಜನೆಗೆ ಅಲ್ಲಿಯವರೆಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತು. 2ರ ಘಾತ 136279841, ಅದರಿಂದ 1 ಕಳೆದರೆ ಬರುವ ಸಂಖ್ಯೆ. ಅಂಕಿಗಳು 4,10,24,320. ಡಬ್ಲಿನ್‌ನಲ್ಲಿದ್ದ ಒಂದು ಸರ್ವರ್ ಕಾರ್ಡ್ ಅದನ್ನು ಮೊದಲು ಹೇಳಿತು. ಆದರೂ ಬೇರೆ ಕಾರ್ಡುಗಳಲ್ಲಿ, ಬೇರೆ ಪ್ರೋಗ್ರಾಮುಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆಯೇ ಜಗತ್ತಿಗೆ ಸಾರಿದರು. ಅಂಥ ಕಾರ್ಡಿನ ಮಾತನ್ನೇ ಒಂದೇಟಿಗೆ ನಂಬುವುದಿಲ್ಲ ಅಂದ ಮೇಲೆ ನಮ್ಮದು ಎಷ್ಟು ಹುಷಾರಾಗಿರಬೇಕು, ಅಲ್ವಾ?

ಕರೆಂಟಿನ ಲೆಕ್ಕಕ್ಕೆ ಬರೋಣ. 200 ವಾಟ್ ತಿನ್ನುವ ಕಾರ್ಡ್ ಹಗಲೂ ರಾತ್ರಿ ನಡೆದರೆ ತಿಂಗಳಿಗೆ 144 ಯೂನಿಟ್. 130 ವಾಟಿಗೆ ಇಳಿಸಿದರೆ ಸುಮಾರು 94. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಎಂದು ಬೋಯಿಂಕ್‌ನಲ್ಲಿ ಸಮಯ ಕೊಟ್ಟರೆ ಸುಮಾರು 31. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಕೊಡಗಿನಲ್ಲಿ ದೊಡ್ಡ ಸವಾಲು ಮಳೆಗಾಲ. ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಕೆಲಸ ಅರ್ಧಕ್ಕೆ ನಿಂತರೆ ಗಾಬರಿ ಬೇಡ, ಕೊನೆಯ ಸಲ ಉಳಿಸಿಟ್ಟ ಚೆಕ್‌ಪಾಯಿಂಟಿನಿಂದ ಮುಂದುವರಿಯುತ್ತದೆ. ಆದರೆ ಪ್ರತಿ ತುಂಡಿಗೂ ಗಡುವು ಇದೆ. ಹತ್ತು ದಿನಕ್ಕಾಗುವ ಕೆಲಸ ಒಮ್ಮೆಗೇ ತುಂಬಿಕೊಳ್ಳದೆ ಅರ್ಧ ದಿನದ್ದು ಮಾತ್ರ ತರಿಸಿಕೊಳ್ಳಿ. ಇನ್ವರ್ಟರ್ ಮೇಲೆ ನಡೆಸಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಅಂತೂ ಈಗಿನ ಪವರ್ ಸಪ್ಲೈಗಳಿಗೆ ಆಗಿಬರುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ತಾಮ್ರದ ಫೋನ್ ಲೈನ್ ಇದ್ದರೆ ಅದನ್ನೂ.

ಶೀತದ, ಅಂದರೆ ತೇವದ ಬಗ್ಗೆ ಜನರಿಗೆ ಜಾಸ್ತಿ ಭಯ. ನಡೆಯುತ್ತಿರುವ ಕಾರ್ಡ್ ಸುತ್ತಲಿನ ಗಾಳಿಗಿಂತ ಬಿಸಿ ಇರುವುದರಿಂದ ಅದರ ಮೇಲೆ ನೀರು ಕಟ್ಟುವುದಿಲ್ಲ. ತೊಂದರೆ ಇರುವುದು ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರಿಗೆ. ಹೀಟ್‌ಸಿಂಕಿನ ದೂಳು ತೇವ ಹಿಡಿದು ಬೂಷ್ಟು ಕಟ್ಟುತ್ತದೆ. ಮಳೆಗೆ ಮುಂಚೆ ದೂಳು ತೆಗೆಯಿರಿ, ಮಳೆಯಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಓಡಿಸಿ.

ವೋಲ್ಟೇಜನ್ನು ಒಂದೊಂದೇ ಹೆಜ್ಜೆ ಇಳಿಸಿ. ಪ್ರತಿ ಹೆಜ್ಜೆಯ ನಂತರ ಯೋಜನೆಯ ತಾಣದಲ್ಲಿ ನಿಮ್ಮ ಕೆಲಸಗಳ ಪಟ್ಟಿ ನೋಡಿ. ಜೊತೆಗಾರರ ಉತ್ತರ ಬರಲು ದಿನಗಳು ಹಿಡಿಯಬಹುದು, ಕಾಯಬೇಕು. ಇನ್‌ವ್ಯಾಲಿಡ್ (ಉತ್ತರ ಹೊಂದಲಿಲ್ಲ) ಎಂದು ಬರತೊಡಗಿದರೆ ಒಂದು ಹೆಜ್ಜೆ ಮೇಲೆ ಹೋಗಿ. ಡಿಸೆಂಬರಿನ ಚಳಿಯಲ್ಲಿ ಸರಿ ಹೊಂದಿದ ವೋಲ್ಟೇಜ್, ಕಾರ್ಡ್ ಜಾಸ್ತಿ ಬಿಸಿಯಾಗುವ ಮಾರ್ಚ್-ಏಪ್ರಿಲ್‌ನಲ್ಲಿ ಸಾಲದೆ ಹೋಗಬಹುದು. ಕೊನೆಯ ಪರೀಕ್ಷೆಯನ್ನು ಆ ಸೆಕೆಯಲ್ಲೇ ಮಾಡಿ.