ಹತ್ತಿರ ಹೋಗಲು ಬಿಡುವ ಜಗತ್ತು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಊರಿನ ಹೆಸರು ಕೂಗುವುದನ್ನು ಗದ್ದಲ ಎಂದು ದೂರುವವರಿದ್ದಾರೆ. ನಾನು ಬಸ್ಸು ಹತ್ತುವುದೇ ಆ ಕೂಗನ್ನು ನಂಬಿ. ಬಸ್ಸಿನ ಮುಂದಿನ ಫಲಕ ನನಗೆ ಓದಲು ಸಿಗುವ ಹೊತ್ತಿಗೆ ಬಸ್ಸು ನನ್ನನ್ನು ದಾಟಿಯೇ ಹೋಗಿರುತ್ತದೆ. ನನಗೆ ಹುಟ್ಟಿನಿಂದ ಅಲ್ಬಿನಿಸಂ, ಅಂದರೆ ಮೈಗೆ, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯದ ಕೊರತೆ. ನನ್ನ ದೃಷ್ಟಿ 6/60. ಸಾಮಾನ್ಯ ಕಣ್ಣು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ನಾನು 6 ಮೀಟರ್ ದೂರಕ್ಕೆ ಬಂದು ಗುರುತಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ ಇದು ಮಂದದೃಷ್ಟಿ. ಯಾವ ಕನ್ನಡಕವೂ ಇದನ್ನು ಪೂರ್ತಿ ಸರಿಪಡಿಸುವುದಿಲ್ಲ.

ಹೀಗಾಗಿ ನಾನು ಬಾಲ್ಯದಿಂದ ಕಲಿತ ವಿದ್ಯೆ ಒಂದೇ, ಹತ್ತಿರ ಹೋಗುವುದು. ಪುಸ್ತಕವನ್ನು ಮೂಗಿನವರೆಗೆ ತರುತ್ತೇನೆ, ಅಂಗಡಿಯ ಬೆಲೆಪಟ್ಟಿಗೆ ಮುಖವನ್ನೇ ಒಡ್ಡುತ್ತೇನೆ. ಆದರೆ ಜಗತ್ತಿನ ಬಹುಪಾಲು ವಸ್ತುಗಳ ಬಳಿಗೆ ಹೋಗಲು ನಮಗೆ ಅನುಮತಿಯಿಲ್ಲ. ಯಕ್ಷಗಾನದ ರಂಗಸ್ಥಳವನ್ನು ಹತ್ತಿ ವೇಷದ ಕಿರೀಟವನ್ನು ನೋಡಲಾಗದು. ಓಡುವ ಬಸ್ಸಿನ ಎದುರು ನಿಲ್ಲಲಾಗದು. ಹೋಗಲು ಅವಕಾಶವಿದ್ದ ಕಡೆಯೂ ಹಿಂದೆ ನಿಂತವರ ನೋಟ ಕುತ್ತಿಗೆಗೆ ತಾಗುತ್ತದೆ. ತಲೆಗೆ ಹೆಡ್‌ಸೆಟ್ ಎಂಬ ಯಂತ್ರ ತೊಟ್ಟು, ಕಂಪ್ಯೂಟರ್ ಬರೆದ ಜಗತ್ತಿನೊಳಗೇ ನಿಂತಂತೆ ಆಡುವ ವರ್ಚುವಲ್ ರಿಯಾಲಿಟಿ ಆಟಗಳು, ಅಂದರೆ ವಿಆರ್, ನನಗೆ ಇಷ್ಟೊಂದು ಮುಖ್ಯವಾಗಿರುವುದು ಈ ಕಾರಣಕ್ಕೆ. ಅಲ್ಲಿ ಹತ್ತಿರ ಹೋಗಬಹುದು.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಹೆಡ್‌ಸೆಟ್ಟನ್ನು ತಲೆಗೆ ತೊಡಿಸಿದಾಗ, ಎದುರಿನ ಗೋಡೆಯ ಮೇಲೆ ಏನೋ ಬರಹವಿರುವುದು ಮಾತ್ರ ತಿಳಿಯಿತು. ಓದಲು ಆಗುತ್ತಿಲ್ಲ ಎಂದೆ. "ಅಲ್ಲೇ ನಿಂತು ಓದಬೇಕೆಂದೇನಿಲ್ಲ ಅಕ್ಕ, ನಡೆದುಕೊಂಡು ಹೋಗು" ಎಂದ. ಹೋದೆ. ಮುಖವನ್ನು ಗೋಡೆಗೆ ಒತ್ತಿ, ಅಕ್ಷರವೊಂದು ಬೊಗಸೆಯಷ್ಟು ದೊಡ್ಡದಾಗುವವರೆಗೆ ಹೋದೆ. ಯಾರೂ ತಡೆಯಲಿಲ್ಲ.

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಸ್ಕ್ರೀನ್ ಕಣ್ಣಿಗೆ ಅಂಟಿಕೊಂಡೇ ಇರುತ್ತದಲ್ಲ, ನಿಮಗೆ ಎಲ್ಲವೂ ಚೆನ್ನಾಗಿಯೇ ಕಾಣಬೇಕು. ವಿಷಯ ಹಾಗಿಲ್ಲ. ಸ್ಕ್ರೀನ್ ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿದ್ದರೂ ನಡುವಿನ ಮಸೂರ ಅದರ ಬಿಂಬವನ್ನು ಒಂದೂವರೆ, ಎರಡು ಮೀಟರ್ ಆಚೆ ಇರುವಂತೆ ಮಾಡುತ್ತದೆ. ದೂರದ್ದನ್ನು ನೋಡಲು ಕನ್ನಡಕ ಬೇಕಾದವರಿಗೆ ಹೆಡ್‌ಸೆಟ್ಟಿನೊಳಗೂ ಅದು ಬೇಕು. ಅಷ್ಟೇ ಅಲ್ಲ, ಆಟದೊಳಗಿನ ಫಲಕ 20 ಮೀಟರ್ ದೂರದಲ್ಲಿದ್ದರೆ ಅದು ಕಣ್ಣಿಗೆ ಮಾಡುವ ಕೋನ ನಿಜವಾದ ಫಲಕ 20 ಮೀಟರ್ ದೂರದಿಂದ ಮಾಡುವಷ್ಟೇ. ಕಣ್ಣು ಗುರುತಿಸುವುದು ಕೋನವನ್ನು. ದೂರದ್ದು ಅಲ್ಲಿಯೂ ದೂರದ್ದೇ.

ಆದರೆ ಇದೇ ಕೋನದ ಲೆಕ್ಕದಲ್ಲಿ ನನಗೆ ಒಂದು ಅನುಕೂಲವೂ ಇದೆ. 6/6 ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲದು. ಅಂಥ ಕಣ್ಣಿಗೆ ಚಿತ್ರ ನೈಜವೆನಿಸಬೇಕಾದರೆ ನೋಟದ ಪ್ರತಿ ಡಿಗ್ರಿಗೆ ಸುಮಾರು 60 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ, ಬೇಕು. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟಿನಲ್ಲಿ ಸಿಗುವುದು ಸುಮಾರು 25. 2013ರಲ್ಲಿ ಆಟ ತಯಾರಕರ ಕೈಗೆ ಬಂದ ಮೊದಲ ಆಕ್ಯುಲಸ್ ರಿಫ್ಟ್‌ನಲ್ಲಿ ಒಂದು ಕಣ್ಣಿಗೆ 640 ಪಿಕ್ಸೆಲ್ ಅಗಲವಷ್ಟೇ ಇತ್ತು. ಅದನ್ನು ಸುಮಾರು 90 ಡಿಗ್ರಿಗೆ ಹರಡಿದರೆ ಡಿಗ್ರಿಗೆ ಏಳು. ಪಿಕ್ಸೆಲ್‌ಗಳ ನಡುವಿನ ಕಪ್ಪು ಗೆರೆಗಳು ಸೊಳ್ಳೆ ಪರದೆಯ ಹಾಗೆ ಕಾಣುತ್ತವೆ ಎಂದು ಬಳಕೆದಾರರು ವರ್ಷಗಟ್ಟಲೆ ದೂರಿದ್ದು ಇದಕ್ಕೇ. ಈಗ ನನ್ನ ಕಣ್ಣಿನ ಲೆಕ್ಕ ಹಾಕಿ. 6/60 ಎಂದರೆ ಹತ್ತು ಪಟ್ಟು ಒರಟು. ಡಿಗ್ರಿಗೆ 6 ಪಿಕ್ಸೆಲ್ ಇದ್ದರೆ ನನ್ನ ಕಣ್ಣಿನ ಸಾಮರ್ಥ್ಯ ಅಲ್ಲಿಗೆ ಮುಗಿಯಿತು. ಹತ್ತು ವರ್ಷಕ್ಕೂ ಹಿಂದಿನ ಆ ಮೊದಲ ಯಂತ್ರವೂ ನನಗೆ ಸಾಕಾಗುವಷ್ಟು ಸ್ಪಷ್ಟ. ಉದ್ಯಮ ಕೋಟಿಗಟ್ಟಲೆ ಸುರಿದು ಪರಿಹರಿಸಲು ಹೊರಟ ಸಮಸ್ಯೆ ನನ್ನ ಪಾಲಿಗೆ ಇರಲೇ ಇಲ್ಲ.

ನನ್ನ ಸಮಸ್ಯೆ ಬೇರೆಡೆ ಇದೆ, ಮತ್ತು ಅದು ಕಣ್ಣಿನದ್ದಲ್ಲ. ಅನೇಕ ಆಟಗಳಲ್ಲಿ ಅಂಕ, ಉಳಿದ ಜೀವ, ಮುಂದೇನು ಮಾಡಬೇಕೆಂಬ ಸೂಚನೆ, ಇವೆಲ್ಲ ಸಣ್ಣ ಅಕ್ಷರಗಳಲ್ಲಿ ತಲೆಗೆ ಕಟ್ಟಿದಂತೆ ತೇಲುತ್ತಿರುತ್ತವೆ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅವೂ ಒಂದು ಹೆಜ್ಜೆ ಮುಂದೆ. ಬಾಗಿದರೆ ಅವೂ ಬಾಗುತ್ತವೆ. ಎಷ್ಟು ನಡೆದರೂ ಆ ಅಕ್ಷರ ಮತ್ತು ನನ್ನ ನಡುವಿನ ಅಂತರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಗೋಡೆಗೆ ಅಂಟಿಸಿದ್ದರೆ ಓದಬಹುದಾಗಿದ್ದ ಅದೇ ವಾಕ್ಯ ಮುಖಕ್ಕೆ ಅಂಟಿಸಿದ್ದರಿಂದ ಓದಲಾಗದೆ ಹೋಗುತ್ತದೆ. ಇದು ಆಟ ಬರೆದವರ ತೀರ್ಮಾನ. ಇಲ್ಲಿ ನನ್ನ ಅಂಗವೈಕಲ್ಯವನ್ನು ಸೃಷ್ಟಿಸಿದ್ದು ಕಣ್ಣಿನ ಜೀನ್ ಅಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಾಗೆಯೇ, ಎಲ್ಲ ವಿಆರ್ ಒಂದೇ ಅಲ್ಲ. ಮೊಬೈಲನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ನೋಡುವ, 2014ರಲ್ಲಿ ಗೂಗಲ್ ಹೊರತಂದ ಕಾರ್ಡ್‌ಬೋರ್ಡ್‌ನಂಥವು ತಲೆ ತಿರುಗಿಸಿದ್ದನ್ನು ಮಾತ್ರ ಗ್ರಹಿಸುತ್ತವೆ, ಮುಂದೆ ಬಾಗಿದ್ದನ್ನಲ್ಲ. ಅವುಗಳನ್ನು ಮುಖಕ್ಕೆ ಕಟ್ಟಿಕೊಂಡರೆ ನಾನು ಮತ್ತೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತವಳು.

ಅಲ್ಬಿನಿಸಂ ಎಂದರೆ ಚರ್ಮ, ಕೂದಲಿನ ಬಣ್ಣ ಎಂದಷ್ಟೇ ತಿಳಿದವರು ಹೆಚ್ಚು. ಮೆಲನಿನ್ ಕೊರತೆಯಿಂದ ಕಣ್ಣಿನ ರಚನೆಯೇ ಬದಲಾಗುತ್ತದೆ. ಅಕ್ಷಿಪಟಲದ ನಡುವೆ ಅತಿ ಸೂಕ್ಷ್ಮವಾಗಿ ನೋಡಲೆಂದು ಇರುವ ಫೋವಿಯಾ ಎಂಬ ಕುಳಿ ಪೂರ್ತಿ ರೂಪುಗೊಳ್ಳುವುದಿಲ್ಲ. ಎರಡು ಕಣ್ಣುಗಳಿಂದ ಮಿದುಳಿಗೆ ಹೋಗುವ ನರತಂತುಗಳ ದಾರಿಯೂ ತಪ್ಪುತ್ತದೆ. ಸಾಮಾನ್ಯವಾಗಿ ಪ್ರತಿ ಕಣ್ಣಿನ ತಂತುಗಳಲ್ಲಿ ಸುಮಾರು ಅರ್ಧದಷ್ಟು ಎದುರು ಬದಿಯ ಮಿದುಳಿಗೆ ದಾಟುತ್ತವೆ, ಉಳಿದವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಅಲ್ಬಿನಿಸಂನಲ್ಲಿ ಬಹುಪಾಲು ದಾಟಿಬಿಡುತ್ತವೆ. ಎರಡು ಕಣ್ಣುಗಳ ಚಿತ್ರಗಳನ್ನು ಹೋಲಿಸಿ ಆಳವನ್ನು ಅಳೆಯುವ ಕೆಲಸಕ್ಕೆ ಮಿದುಳಿನಲ್ಲಿ ಸರಿಯಾದ ಜೋಡಣೆಯೇ ಸಿಗುವುದಿಲ್ಲ. ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಎರಡು ಸಪಾಟು ಚಿತ್ರಗಳಿಂದ ಒಂದು ಉಬ್ಬಿದ ಚಿತ್ರ ಮೂಡಿಸಿ ತೋರಿಸಿದ್ದು ಈ ಹೋಲಿಕೆಯ ಶಕ್ತಿಯನ್ನು. 3ಡಿ ಸಿನಿಮಾ ನಿಂತಿರುವುದೂ ಅದರ ಮೇಲೆ, ಆದ್ದರಿಂದ 3ಡಿ ಸಿನಿಮಾ ನನಗೆ ಬರೀ ಸಿನಿಮಾ.

ಹೆಡ್‌ಸೆಟ್ಟಿನಲ್ಲಿಯೂ ಎರಡು ಕಣ್ಣಿಗೆ ಎರಡು ಚಿತ್ರ. ಹಾಗಾದರೆ ಅದೂ ನನಗೆ ಸಪಾಟಾಗಿ ಕಾಣಬೇಕಿತ್ತು. ಕಾಣುವುದಿಲ್ಲ! ಆಳ ತಿಳಿಯಲು ಎರಡನೆಯ ಕಣ್ಣು ಒಂದು ದಾರಿ ಮಾತ್ರ. ಉಡುಪಿಯಿಂದ ಸುರತ್ಕಲ್ ಕಡೆಗೆ ರೈಲಿನಲ್ಲಿ ಹೋಗುವಾಗ ಒಂದು ಕಣ್ಣು ಮುಚ್ಚಿ ಕಿಟಕಿಯಾಚೆ ನೋಡಿ. ಹಳಿಯ ಪಕ್ಕದ ತೆಂಗಿನ ಮರಗಳು ಸರ್ರನೆ ಹಿಂದೆ ಸರಿಯುತ್ತವೆ, ಗದ್ದೆಯಾಚೆಯ ಮನೆ ನಿಧಾನವಾಗಿ ಸರಿಯುತ್ತದೆ, ಪೂರ್ವದ ಬೆಟ್ಟಗಳು ನಮ್ಮ ಜೊತೆಯಲ್ಲೇ ಬರುತ್ತವೆ. ಯಾವುದು ಹತ್ತಿರ, ಯಾವುದು ದೂರ ಎಂದು ಯಾರೂ ಹೇಳಿಕೊಡಬೇಕಿಲ್ಲ. ಪ್ಯಾರಲಾಕ್ಸ್ ಎಂಬ ಈ ಸುಳಿವಿಗೆ ಒಂದೇ ಕಣ್ಣು ಸಾಕು, ಅದೂ ಮಂಜುಗಣ್ಣಾದರೂ ನಡೆಯುತ್ತದೆ. ನಾವು ನಿಂತಲ್ಲಿ ತಲೆಯನ್ನು ತುಸು ಆಡಿಸಿದರೂ ಅದು ಹುಟ್ಟುತ್ತದೆ. ಇಂದಿನ ಹೆಡ್‌ಸೆಟ್‌ಗಳು ತಲೆಯ ಚಲನೆಯನ್ನು ಅಳೆದು ಸೆಕೆಂಡಿಗೆ 72ರಿಂದ 120 ಬಾರಿ ಚಿತ್ರವನ್ನು ಹೊಸದಾಗಿ ಬರೆಯುವುದರಿಂದ ನನ್ನ ಜೀವಮಾನದ ಈ ಅಭ್ಯಾಸ ಅಲ್ಲಿಯೂ ಫಲ ಕೊಡುತ್ತದೆ. ತಲೆಗೆ ಕಟ್ಟುವ ಪ್ರದರ್ಶಕವನ್ನು ಮೊದಲು ರೂಪಿಸಿದವರಲ್ಲಿ ಒಬ್ಬರಾದ ಐವನ್ ಸದರ್ಲ್ಯಾಂಡ್ 1968ರಲ್ಲೇ ಇದನ್ನು ಬರೆದಿದ್ದರು: ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸುವುದು ಮುಖ್ಯವೇ, ಆದರೆ ತಲೆ ಚಲಿಸಿದಂತೆ ಚಿತ್ರ ಬದಲಾಗುವುದು ಅದಕ್ಕಿಂತ ಮುಖ್ಯ. ಎರಡೂ ಕಣ್ಣು ಸರಿಯಿದ್ದವರಿಗಿಂತ ಈ ಮಾತಿನ ಸತ್ಯ ನನ್ನಂಥವರಿಗೆ ಚೆನ್ನಾಗಿ ಗೊತ್ತು.

ಬೆಳಕಿನ ವಿಷಯವನ್ನೂ ಹೇಳಬೇಕು. ವರ್ಣದ್ರವ್ಯವಿಲ್ಲದ ಕಣ್ಣು ಬೆಳಕನ್ನು ತಡೆದುಕೊಳ್ಳಲಾರದು. ಮಧ್ಯಾಹ್ನದ ಮಲ್ಪೆಯ ಮರಳು, ಅದರಾಚೆ ಮಿಂಚುವ ಸಮುದ್ರ ನನಗೆ ನೋವು ಕೊಡುವ ಬಿಳುಪು, ಅಷ್ಟೇ. ಹೆಡ್‌ಸೆಟ್ಟಿನೊಳಗಿನ ಬೆಳಕು ನನ್ನ ಹಿಡಿತದಲ್ಲಿದೆ, ಹೊರಗಿನ ಸೂರ್ಯ ಮೂಗಿನ ಬಳಿಯ ಸಣ್ಣ ಸಂದಿನಿಂದ ಇಣುಕಿದರೆ ಉಂಟು, ಇಲ್ಲವಾದರೆ ಇಲ್ಲ. ಸಮುದ್ರದಂಡೆಯೊಂದನ್ನು ಕಣ್ಣು ಕಿರಿದುಮಾಡದೆ ನಾನು ನೋಡಿದ್ದು ಹೆಡ್‌ಸೆಟ್ಟಿನೊಳಗೆ.

ನಾನು ಹೆಚ್ಚು ಆಡುವುದು 2018ರಲ್ಲಿ ಬಂದ ಬೀಟ್ ಸೇಬರ್. ಸಂಗೀತದ ತಾಳಕ್ಕೆ ತಕ್ಕಂತೆ ಎರಡು ಬಣ್ಣದ ಚೌಕಗಳು ಎದುರಿನಿಂದ ಹಾರಿ ಬರುತ್ತವೆ, ಎರಡು ಕೈಯ ಬೆಳಕಿನ ಕತ್ತಿಗಳಿಂದ ಅವನ್ನು ಕಡಿಯಬೇಕು. ಮಂದದೃಷ್ಟಿಯವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಆಟವಲ್ಲ, ಆದರೂ ನಮಗೆ ಒಗ್ಗುತ್ತದೆ. ಹಿನ್ನೆಲೆ ಕಡುಗತ್ತಲು, ಚೌಕಗಳು ಪ್ರಖರ, ಬಣ್ಣಗಳನ್ನು ಬದಲಿಸಿಕೊಳ್ಳಬಹುದು. ವಸ್ತುವೇ ನನ್ನ ಹತ್ತಿರ ಬರುತ್ತದೆ. ಅದು ಬರುವ ಗಳಿಗೆಯನ್ನು ತಾಳ ಮೊದಲೇ ತಿಳಿಸಿರುತ್ತದೆ. ಚೌಕದ ಮೇಲಿನ ಬಾಣದ ಗುರುತು ಮಾತ್ರ ನನಗೆ ತಡವಾಗಿ ಕಾಣುತ್ತದೆ, ಹಾಗಾಗಿ ಹಾಡಿನ ವೇಗ ತಗ್ಗಿಸುವ ಆಯ್ಕೆಯನ್ನು ಬಳಸುತ್ತೇನೆ. ಗೋಡೆಗೆ ಬಡಿಯದಂತೆ ಯಂತ್ರ ತೋರಿಸುವ ಎಚ್ಚರಿಕೆಯ ಗೆರೆಗಳು ನನ್ನ ಕಣ್ಣಿಗೆ ತೀರ ತೆಳು. ಬರಿಗಾಲಿನಲ್ಲಿ ಚಾಪೆಯ ಮೇಲೆ ನಿಂತು ಆಡುತ್ತೇನೆ. ಕಾಲಿಗೆ ತಣ್ಣನೆಯ ನೆಲ ತಾಗಿದರೆ ನಡುವಿನಿಂದ ಸರಿದಿದ್ದೇನೆ ಎಂದು ಗೊತ್ತಾಗುತ್ತದೆ.

ತೊಂದರೆಗಳು ಇನ್ನೂ ಇವೆ. ನನ್ನ ಕಣ್ಣುಗುಡ್ಡೆಗಳು ಸದಾ ಅತ್ತಿತ್ತ ಓಲಾಡುತ್ತವೆ. ಇದನ್ನು ನಿಸ್ಟ್ಯಾಗ್ಮಸ್ ಎನ್ನುತ್ತಾರೆ. ಹುಟ್ಟಿನಿಂದ ಇರುವುದರಿಂದ ನನಗೆ ಜಗತ್ತು ಅಲುಗಾಡಿದಂತೆ ಕಾಣುವುದಿಲ್ಲ. ಒಂದು ನಿರ್ದಿಷ್ಟ ಕೋನದಲ್ಲಿ ನೋಡಿದರೆ ಓಲಾಟ ಕಡಿಮೆಯಾಗುತ್ತದೆ, ಅದಕ್ಕಾಗಿ ನಾನು ಮುಖವನ್ನು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಿಂದ ನೋಡುತ್ತೇನೆ. ಹಳೆಯ ಹೆಡ್‌ಸೆಟ್‌ಗಳ ಫ್ರೆನೆಲ್ ಮಸೂರಗಳು ನಟ್ಟನಡುವೆ ಮಾತ್ರ ಸ್ಪಷ್ಟ, ಅಂಚಿನಲ್ಲಿ ಮಸುಕು. ಓರೆಯಾಗಿ ನೋಡುವವರಿಗೆ ಸಿಗುವುದು ಆ ಮಸುಕೇ. ಹೊಸ ಪ್ಯಾನ್‌ಕೇಕ್ ಮಸೂರಗಳು ಅಂಚಿನವರೆಗೂ ಸ್ಪಷ್ಟವಾಗಿರುವುದು ನಮಗೆ ದೊಡ್ಡ ಉಪಕಾರ. ಇನ್ನೊಂದೆಡೆ, 2024ರ ಆಪಲ್ ವಿಷನ್ ಪ್ರೊ ಹೆಡ್‌ಸೆಟ್ ಕಣ್ಣು ನೆಟ್ಟ ಕಡೆಯನ್ನೇ ಆಯ್ಕೆಯೆಂದು ತಿಳಿಯುತ್ತದೆ. ನಿಲ್ಲದ ಕಣ್ಣನ್ನು ಯಾವ ಗುಂಡಿಯ ಮೇಲೆ ನೆಡುವುದು? ತಲೆ, ಮಣಿಕಟ್ಟು ಅಥವಾ ಬೆರಳಿನಿಂದ ಗುರಿ ತೋರಿಸುವ ಬದಲಿ ದಾರಿಯನ್ನೂ ಅವರು ಇಟ್ಟಿದ್ದಾರೆ. ಆ ಬದಲಿ ದಾರಿ ಪ್ರತಿಯೊಂದು ಯಂತ್ರದಲ್ಲೂ ಇರಲೇಬೇಕು.

ನನಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವೆಂದಲ್ಲ. ಉಡುಪಿಯಲ್ಲಿರುವ ನನ್ನ ಸ್ನೇಹಿತನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅಕ್ಷಿಪಟಲದ ಕಾಯಿಲೆ. ಮಂದ ಬೆಳಕಿನಲ್ಲಿ ನೋಡುವ ರಾಡ್ ಕೋಶಗಳು ಮೊದಲು ಸಾಯುವುದರಿಂದ ಇರುಳು ಅವನಿಗೆ ಬಾಲ್ಯದಲ್ಲೇ ಕಷ್ಟವಾಗಿತ್ತು, ಈಗ ನೋಟದ ಸುತ್ತಳತೆಯೂ ಕಿರಿದಾಗಿದೆ. ನಟ್ಟನಡುವೆ ಅವನು ನನಗಿಂತ ಎಷ್ಟೋ ಸ್ಪಷ್ಟವಾಗಿ ಓದುತ್ತಾನೆ. ನಾನು ಇಷ್ಟಪಡುವ ಕತ್ತಲೆಯ ಆಟ ಅವನಿಗೆ ಬರೀ ಕತ್ತಲೆ. ನನಗೆ ಅಕ್ಷರ ದೊಡ್ಡದಾಗಬೇಕು. ಅವನಿಗೆ ದೊಡ್ಡದು ಮಾಡಿದರೆ ಅದು ಅವನ ಕಿರಿದಾದ ನೋಟದಿಂದ ಆಚೆ ಚೆಲ್ಲಿಹೋಗುತ್ತದೆ. ನಮ್ಮಿಬ್ಬರನ್ನೂ ಒಂದೇ ಪ್ರಮಾಣಪತ್ರದ ಒಂದೇ ಪದದಲ್ಲಿ ಸೇರಿಸಬಹುದು, ಒಂದೇ ಸೆಟ್ಟಿಂಗ್‌ನಲ್ಲಿ ಸೇರಿಸಲಾಗದು.

ದೃಷ್ಟಿಯೇ ಇಲ್ಲದವರಿಗೂ ಈ ಜಗತ್ತು ಮುಚ್ಚಿಲ್ಲ. ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಬಡಿತ ಯಾವ ಓಣಿಯಿಂದ ಬರುತ್ತಿದೆಯೆಂದು ಕಣ್ಣು ಮುಚ್ಚಿಯೂ ಹೇಳುತ್ತೇವೆ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ತುಸು ಕ್ಷೀಣವಾಗಿಯೂ ತಲುಪುತ್ತದೆ. ಮಿದುಳಿಗೆ ದಿಕ್ಕು ತಿಳಿಯಲು ಅಷ್ಟು ಸಾಕು. ಹೆಡ್‌ಸೆಟ್‌ಗಳು ಈ ವ್ಯತ್ಯಾಸವನ್ನು ಲೆಕ್ಕಹಾಕಿ ಕಿವಿಗೆ ಕೊಡುತ್ತವೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2018ರಲ್ಲಿ ಇನ್ನೂ ಮುಂದೆ ಹೋಗಿ ಅಂಧರ ಬಿಳಿಕೋಲನ್ನೇ ವಿಆರ್‌ಗೆ ತಂದರು. ಕೇನ್‌ಟ್ರೋಲರ್ ಎಂಬ ಆ ಉಪಕರಣದಲ್ಲಿ ಕೋಲು ಆಟದೊಳಗಿನ ಗೋಡೆಗೆ ತಾಗಿದರೆ ಸೊಂಟಕ್ಕೆ ಕಟ್ಟಿದ ಬ್ರೇಕ್ ಅದನ್ನು ನಿಜವಾಗಿ ತಡೆಯುತ್ತದೆ, ಕೈಗೆ ಕಂಪನ ಬರುತ್ತದೆ, ತಾಗಿದ ಜಾಗದಿಂದಲೇ ಸದ್ದು ಕೇಳುತ್ತದೆ.

ಮಂದದೃಷ್ಟಿಯವರಿಗಾಗಿಯೂ ಮೈಕ್ರೋಸಾಫ್ಟ್‌ನ ಸಂಶೋಧಕರು 2019ರಲ್ಲಿ ಸೀಯಿಂಗ್‌ವಿಆರ್ ಎಂಬ 14 ಸಾಧನಗಳ ಗುಚ್ಛವನ್ನು ಪ್ರಕಟಿಸಿದರು. ಹಿಗ್ಗಿಸುವ ಮಸೂರ, ಅಂಚುಗಳನ್ನು ದಪ್ಪಗೆ ತೋರಿಸುವುದು, ಬಣ್ಣ ಬದಲಿಸುವುದು, ಬರಹವನ್ನು ಓದಿ ಹೇಳುವುದು ಮುಂತಾದವು ಅದರಲ್ಲಿವೆ. ಕೆಲವನ್ನು ಆಗಲೇ ತಯಾರಾದ ಆಟದ ಮೇಲೂ ಹೊದಿಸಬಹುದು. ಕೆಲವಕ್ಕೆ ಆಟ ಬರೆಯುವವರು ಮೊದಲೇ ಮನಸ್ಸು ಮಾಡಬೇಕು. ಮಣಿಪಾಲ, ಸುರತ್ಕಲ್‌ನ ಕಾಲೇಜುಗಳಲ್ಲಿ ಆಟ ಬರೆಯುವ ಹುಡುಗ ಹುಡುಗಿಯರನ್ನು ನಾನು ಕೇಳಿಕೊಳ್ಳುವುದೂ ಅದನ್ನೇ. ಅಕ್ಷರದ ಗಾತ್ರವನ್ನು ಆಡುವವರ ಕೈಗೆ ಬಿಡಿ. ಬೆಳಕು, ಬಣ್ಣ, ವೇಗಗಳನ್ನೂ ಬಿಡಿ. ಆಟ ಮುಗಿದ ಮೇಲಲ್ಲ, ಅರ್ಧ ಕಟ್ಟುವಾಗಲೇ ನನ್ನಂಥ ಒಬ್ಬರನ್ನು, ನನ್ನ ಸ್ನೇಹಿತನಂಥ ಇನ್ನೊಬ್ಬರನ್ನು ಕರೆದು ಆಡಿಸಿ. ಮಣಿಪಾಲದ ನನ್ನ ಆ ತಮ್ಮ ಕಾಲೇಜಿಗಾಗಿ ಮಾಡುತ್ತಿರುವ ಆಟದಲ್ಲಿ ಅಂಕಗಳ ಪಟ್ಟಿಯನ್ನು ಮುಖದಿಂದ ಬಿಡಿಸಿ ಗೋಡೆಗೆ ತಗುಲಿಹಾಕಿದ್ದಾನೆ. ಅದನ್ನು ಕನ್ನಡದಲ್ಲಿ ಓದಿ ಹೇಳುವ ಧ್ವನಿಯನ್ನು ಸೇರಿಸುವ ಕೆಲಸ ಈಗ ನಡೆಯುತ್ತಿದೆ.